ಗೊಲ್ಲಾಳಮ್ಮನ ಹೇಳಿಕೆ

ಅಮಾವಾಸ್ಯೆಯ ಬೆಳಿಗ್ಗೆ ಸೌಭಾಗ್ಯ ಗಂಡನ ಗುಳಿಗೆ ಹುಡುಕಿ ಹುಡುಕಿ ಸಾಕಾದಳು. ಟ್ರಂಕಿನ ಮೇಲಿಲ್ಲ, ಮಾಡದಲ್ಲಿಲ್ಲ, ದೇವರ ಜಗಲಿಯ ಹಿಂದೆಯೂ ಇಲ್ಲ. ಅತ್ತೆ ಗೊಲ್ಲಾಳಮ್ಮ ಒಲೆ ಮುಂದೆ ಕುಂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ದಿನಕ್ಕಿಂತ ಜೋರಾಗಿತ್ತು. ಗುಳಿಗೆ ಯಾರ ಕೈ ಸೇರಿದೆ ಎಂದು ತಿಳಿಯಲು ಸೊಸೆಗೆ ಅಷ್ಟು ಸಾಕಾಯಿತು.

"ಅತ್ತೀ, ಗುಳಿಗಿ ಎಲ್ಲಿಟ್ಟೀರಿ?"

"ನನಗೇನ್ ಗೊತ್ತವ್ವಾ? ನಾ ಏನ್ ಡಾಕ್ಟರೇನು?"

"ನೀವ ಇಟ್ಟೀರಿ. ಹೋದ ಅಮಾಸಿಗೂ ಹಿಂಗ ಮಾಡಿದ್ರಿ."

"ಒಂದಿನ ಬಿಟ್ರ ಏನ್ ಗಂಟು ಹೋಗ್ತದ? ಮಂದಿ ಊರೂರಿಂದ ಬಂದು ಕುಂದರ್ತಾರ. ಗುಳಿಗಿ ನುಂಗಿದ್ರ ದೇವರು ಬರೂದಿಲ್ಲ."

"ದೇವರಲ್ಲ ಅತ್ತೀ ಅದು, ಫಿಟ್ಸು!"

"ಬಾಯಿ ಮುಚ್ಚು!" ಗೊಲ್ಲಾಳಮ್ಮ ರೊಟ್ಟಿಯನ್ನು ಹಂಚಿಗೆ ಎಸೆದಳು. "ಓಣ್ಯಾಗ ಕೇಳ್ತದ. ಸುರಪುರದವ್ರು ಬಸವೇಶ್ವರೀನ ನೋಡಿ ಹೋಗಿ ಇನ್ನಾ ಎಂಟು ದಿನ ಆಗಿಲ್ಲ. ನಿನ್ನ ನಾಲಿಗಿಗೆ ಲಗಾಮಿಲ್ಲೇನು?"

ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಬಸವೇಶ್ವರಿ, ಅಂದರೆ ಈ ಮನೆಯ ಮಗಳು, ತನ್ನ ಹೆಸರು ಕೇಳಿ ಕೈ ನಿಲ್ಲಿಸಿದಳು. ಪಡಸಾಲೆಯಲ್ಲಿ ಮಾವ ಲಿಂಗಣ್ಣ ಕಿರಾಣಿ ಅಂಗಡಿಯ ಕೀಲಿ ತೆಗೆದುಕೊಂಡು ಚಹಾ ಸಹ ಕುಡಿಯದೆ ಹೊರಟ. ಹೆಂಗಸರ ಜಗಳ ಶುರುವಾದರೆ ಆ ಮನುಷ್ಯನಿಗೆ ಅಂಗಡಿ ನೆನಪಾಗುತ್ತದೆ. ಇಷ್ಟು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ.

ಯಾರ ಸಲುವಾಗಿ ಇದೆಲ್ಲ ನಡೆದಿತ್ತೋ ಆ ಬಸವಲಿಂಗ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಎಚ್ಚರಾಗಿಯೇ ಇದ್ದ. ಎಲ್ಲ ಕೇಳುತ್ತಿತ್ತು.

ಫೌಜಿಗೆ ಸೇರಿದಾಗ ದೋರನಹಳ್ಳಿಯಲ್ಲಿ ಅವನಂಥ ಹುರಿಯಾಳು ಇರಲಿಲ್ಲ. ಗುಂಡುಕಲ್ಲು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಿದ್ದವನು. ಉತ್ತರದ ಗಡಿಯಲ್ಲಿ ಅವನಿದ್ದ ಗಾಡಿಯ ಕೆಳಗೆ ನೆಲಬಾಂಬು ಸಿಡಿಯಿತು. ಮುಂದೆ ಕುಂತ ಇಬ್ಬರು ಅಲ್ಲೇ ಹೋದರು. ಇವನ ಮೈಮೇಲೆ ಒಂದು ಗೀರಿಲ್ಲ. ತಾಯಿಯ ಪುಣ್ಯ ಎಂದರು ಎಲ್ಲರೂ. ಕೆಲವು ತಿಂಗಳು ಕಳೆದ ಮೇಲೆ ನಿಂತಲ್ಲಿ ಬೀಳತೊಡಗಿದ. ನಿದ್ದೆ ಹೋಯಿತು. ಬಾಗಿಲು ಧಡ್ಡೆಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ನೌಕರಿಗೆ ಯೋಗ್ಯನಲ್ಲವೆಂದು ಅವಧಿಗೆ ಮೊದಲೇ ಮನೆಗೆ ಕಳಿಸಿದರು.

ಊರಿಗೆ ಬಂದ ಹೊಸತರಲ್ಲಿ ಬಂಧುಗಳ ಮನೆಯ ಕುಬುಸದ ಊಟದಲ್ಲಿ ಪಂಕ್ತಿಯ ನಡುವೆಯೇ ಬಿದ್ದ. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಮಂದಿ ಎಲೆ ಬಿಟ್ಟು ಎದ್ದರು. "ಮಲರೋಗ, ಮೂರ್ಛೆರೋಗ" ಎಂದು ಯಾರೋ ಅಂದರು. ಗೊಲ್ಲಾಳಮ್ಮನಿಗೆ ಏನು ಹೊಳೆಯಿತೋ, ಆ ಮನೆಯ ಜಗಲಿಯಿಂದ ಭಂಡಾರದ ಬಟ್ಟಲು ಎತ್ತಿ ತಂದು ಮಗನ ಹಣೆತುಂಬ ಹಳದಿ ಬಳಿದಳು. "ಯಾವಾಕಿ ಅಂದಾಕಿ ಮಲರೋಗ ಅಂತ? ನನ್ನ ಮಗನ ಮೈಮ್ಯಾಲ ಮೈಲಾರಲಿಂಗ ಬಂದಾನ! ಕಾಲಿಗೆ ಬೀಳ್ರಿ!" ಒಬ್ಬ ಬಿದ್ದ. ಆಮೇಲೆ ಎಲ್ಲರೂ ಬಿದ್ದರು. ಇಷ್ಟು ದಿನ ಇಲ್ಲದ ದೇವರು ಈಗ್ಯಾಕೆ ಬಂದ ಎಂದು ಒಬ್ಬಾಕೆ ಕೇಳಿದ್ದಕ್ಕೆ, "ಸಣ್ಣಂವ ಇದ್ದಾಗಿಂದ ಬರ್ತಾನ, ನಾವ ಬಾಯಿ ಬಿಟ್ಟಿರಲಿಲ್ಲ" ಎಂದು ಒಂದು ಮಾತು ಸೇರಿಸಿದಳು. ಆ ಮಾತೇ ಮುಂದೆ ಮನೆ ಸುಟ್ಟಿತು.

ಗುಳಿಗೆ ಕಾಣೆಯಾದ ಈ ಅಮಾವಾಸ್ಯೆಗೂ ಮಂದಿ ಬಂದರು. ಮಧ್ಯಾಹ್ನ ಬಸವಲಿಂಗ ಬಿದ್ದ. ಗುಳಿಗೆ ಇಲ್ಲದಿದ್ದರೆ ಬೀಳದೆ ಏನು ಮಾಡುತ್ತಾನೆ! ಸೆಟೆತ ನಿಂತ ಮೇಲೆ ಎಚ್ಚರ ಪೂರ್ತಿ ಬರುವ ತನಕ ಅವನು ತೊದಲುತ್ತಾನೆ, ಅದೂ ಹಿಂದಿಯಲ್ಲಿ. ಆ ತೊದಲೇ ದೇವರ ಹೇಳಿಕೆ. ಹಿಂದಿನ ಓಣಿಯ ಭಾಗಣ್ಣನ ಎಮ್ಮೆ ಕಳೆದಾಗ "ದಾಯೇಂ ದೇಖೋ, ದಾಯೇಂ" ಅಂದಿದ್ದ. ಬಲಗಡೆ ನೋಡೆಂದು ದೇವರು ಹೇಳಿದನೆಂದು ಭಾಗಣ್ಣ ಬಲಗಡೆಯ ತೊಗರಿ ಹೊಲಕ್ಕೆ ಹೋದರೆ ಎಮ್ಮೆ ಅಲ್ಲೇ ಮೇಯುತ್ತಿತ್ತು. ಎಮ್ಮೆ ಎಲ್ಲೋ ಒಂದು ಕಡೆ ಇರಲೇಬೇಕಲ್ಲ! ಅಂದಿನಿಂದ ಭಾಗಣ್ಣ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

ಇವತ್ತು ಬಸವಲಿಂಗ "ಪೀಛೆ ಹಟೋ, ಪೀಛೆ" ಎಂದು ನರಳಿದ. ಮಗನನ್ನು ಕಡೇಚೂರಿನ ಫ್ಯಾಕ್ಟರಿ ಕೆಲಸಕ್ಕೆ ಹಚ್ಚಬೇಕೋ ಬೇಡವೋ ಎಂದು ಕೇಳಲು ಬಂದವನೊಬ್ಬ ಕೈಮುಗಿದು ಕುಂತಿದ್ದ.

"ಹಿಂದ ಸರೀರಿ ಅಂತ ಹೇಳ್ಯಾನ" ಎಂದು ಗೊಲ್ಲಾಳಮ್ಮ ಅರ್ಥ ಬಿಡಿಸಿದಳು. "ಫ್ಯಾಕ್ಟರಿ ಬ್ಯಾಡ."

ಪಕ್ಕದ ಮನೆಯ ಚಾಂದಬೀ ಗೋಡೆಯ ಆಚೆಯಿಂದ ನೋಡುತ್ತಿದ್ದವಳು ತಡೆಯಲಾರದೆ ಅಂದಳು. "ಗೊಲ್ಲಾಳಕ್ಕಾ, ಅಂವ ಫ್ಯಾಕ್ಟರಿ ಸುದ್ದಿ ಎಲ್ಲಿ ಆಡ್ಯಾನ? ತನ್ನ ಜೋಡಿ ಇದ್ದ ಹುಡುಗುರ್ನ ಕೂಗಾಕತ್ತಾನ. ನಮ್ಮ ಮಾತು ನಮಗ ತಿಳಿಯೂದಿಲ್ಲೇನು?"

"ನೀ ನಿನ್ನ ಕೆಲಸ ನೋಡ್ಕೋ ಚಾಂದಬೀ."

ಬಸವಲಿಂಗನಿಗೆ ಎಚ್ಚರವಾದಾಗ ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು. ಕಾಲ ಬಳಿ ಹತ್ತಾರು ತಲೆಗಳು. ಸೌಭಾಗ್ಯ ಒದ್ದೆ ಬಟ್ಟೆಯಿಂದ ಅವನ ಬಾಯಿ ಒರೆಸಿದಳು.

"ಇವ್ರೆಲ್ಲಾ ಯಾರು?" ಎಂದ.

"ನಿಮ್ಮ ಭಕ್ತರು" ಎಂದಳು ಸಿಟ್ಟಿನಿಂದ.

"ಹೋಗಂತ ಹೇಳು. ತಲಿ ಒಡದು ಹೋಗಾಕತ್ತದ."

ಯಾರೂ ಹೋಗಲಿಲ್ಲ. ಅಷ್ಟು ಮಂದಿಯಲ್ಲಿ "ಹ್ಯಾಂಗದೀಯಪ್ಪಾ" ಎಂದು ಅವನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ದೇವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ಅವನು ಮತ್ತೆ ಗೋಡೆಗೆ ಮುಖ ಮಾಡಿದ.

ಮರುವಾರ ಶಹಾಪುರದಿಂದ ವಿಶ್ವರಾಧ್ಯ ಬಂದರು. ನಿವೃತ್ತ ಸುಬೇದಾರರು. ಸುತ್ತಿನ ಮಾಜಿ ಸೈನಿಕರ ಪಿಂಚಣಿ, ಅರ್ಜಿ ಎಂದರೆ ಮನೆ ಬಿಟ್ಟು ಓಡಾಡುವ ಮನುಷ್ಯ. ಬಸವಲಿಂಗನ ಅಂಗವೈಕಲ್ಯ ಪಿಂಚಣಿಯ ಅರ್ಜಿಯನ್ನೂ ಅವರೇ ಬರೆಸಿದ್ದರು. ಊಟದ ಹೊತ್ತು. ಪುಂಡಿಪಲ್ಯ, ರೊಟ್ಟಿ ಬಡಿಸಿದರೂ ಅವರು ತಾಟಿಗೆ ಕೈ ಹಾಕಲಿಲ್ಲ.

"ಅರ್ಜಿ ವಜಾ ಆಗ್ಯಾದ" ಎಂದರು. "ಈ ಜಡ್ಡು ಫೌಜಿಗೆ ಸೇರೂಕಿಂತ ಮೊದಲ ಇತ್ತಂತ. ಹುಟ್ಟಿನಿಂದ ಬಂದದ್ದಂತ."

"ಯಾರ್ ಅಂದವ್ರು?" ಸೌಭಾಗ್ಯ ತಂಬಿಗೆ ಕೆಳಗಿಟ್ಟಳು.

"ಮನೆಯವರ ಹೇಳಿಕೆ ಅಂತ ಬರ್ದಾರವ್ವಾ. ತಾಯಿ ಹೇಳಿಕೆ. ಹೆಬ್ಬೆಟ್ಟೂ ಅದ."

ಎಲ್ಲರೂ ಗೊಲ್ಲಾಳಮ್ಮನ ಕಡೆ ತಿರುಗಿದರು.

"ನಾ ಯಾವಾಗ..." ಎಂದವಳು ಅಲ್ಲೇ ನಿಲ್ಲಿಸಿದಳು. "ಅಯ್ಯ, ಅಂವೇನು? ಪ್ಯಾಂಟು ಹಾಕ್ಕೊಂಡು ಚೀಲಾ ಹಿಡ್ಕೊಂಡು ಬಂದಿದ್ದನಲ್ಲ, ಇಕಿ ಮುದನಾಳಕ್ಕ ತೌರಿಗೆ ಹೋಗಿದ್ದಾಗ? 'ಯವ್ವಾ, ಹೇಳಿಕೆ ತಗೊಳ್ಳಾಕ ಬಂದೀನ್ರಿ' ಅಂದ. ನಮ್ಮನಿಗೆ ಎಲ್ಲಾರೂ ಹೇಳಿಕಿಗೇ ಬರ್ತಾರ. ಇಂವನೂ ದೇವರ ಹೇಳಿಕಿಗೆ ಬಂದಾನಂತ ತಿಳಕೊಂಡೆ. ಚಾ ಕುಡಿಸಿದೆ. ಯಾವಾಗಿಂದ ಹಿಂಗ ಆಗ್ತದ ಅಂತ ಕೇಳಿದ. ಸಣ್ಣಂವ ಇದ್ದಾಗಿಂದ, ಅಂದೆ."

"ಹೆಬ್ಬೆಟ್ಟು ಯಾಕ ಒತ್ತಿದ್ರಿ?"

"ಒತ್ತು ಅಂದ, ಒತ್ತಿದೆ. ಸರಕಾರದಾಂವ ಸೈತ ನಮ್ಮ ದೇವರನ್ನ ಬರಕೊಂಡು ಹೋದ ಅಂತ ಖುಷಿ ಆತು ನನಗ."

ವಿಶ್ವರಾಧ್ಯ ಹಣೆ ಒತ್ತಿಕೊಂಡರು. ಲಿಂಗಣ್ಣ ಎಂದೂ ಬಾಯಿ ಬಿಡದವನು ಅವತ್ತು ಬಿಟ್ಟ. "ಬರೇ ಬಾಯಿ ನಿನ್ನದು! ಬರೇ ಬಾಯಿ! ಹೆತ್ತ ಮಗನ ಕುತ್ತಿಗಿ ಕೊಯ್ದಿ ನೋಡು."

"ನೀವೇನ್ ಮಾಡಿದ್ರಿ? ಅಂಗಡ್ಯಾಗ ಕಾಯಿ ಮಾರಿದ್ರಿ! ಅಮಾಸಿ ಬಂದ್ರ ಒಂದು ಚೀಲ ಜಾಸ್ತಿ ತರಿಸಾವ್ರು ಯಾರು?"

ಲಿಂಗಣ್ಣ ತಣ್ಣಗಾದ. ಬಸವಲಿಂಗ ಮಾತ್ರ ತಾಟನ್ನು ಸರಿಸಿ ತಾಯಿಯನ್ನೇ ನೋಡುತ್ತಿದ್ದ. ಮಾತಾಡಿದಾಗ ದನಿ ಏರಿಸಲಿಲ್ಲ.

"ನನಗ ರೊಕ್ಕದ ಆಸೆ ಇಲ್ಲ ಯವ್ವಾ. ಇದು ಅಲ್ಲಿ ಆಗಿದ್ದು ಅಂತ ಅವ್ರು ಒಪ್ಪಬೇಕು, ಅಷ್ಟ. ನನ್ನ ಮುಂದ ಇಬ್ಬರು ಸತ್ರು. ಅವರ ಹೆಂಡ್ರು ಮಕ್ಕಳಿಗೆ ಗೊತ್ತದ ಅವ್ರು ಸತ್ತಾರಂತ. ನಾನೂ ಆ ಗಾಡ್ಯಾಗ ಇದ್ದೆ ಅನ್ನೂದು ಯಾರಿಗೂ ಗೊತ್ತಿಲ್ಲ. ನೀ ಹುಟ್ಟಿದಾಗಿಂದ ಅಂದ್ರ, ಅಲ್ಲಿ ನನಗೇನೂ ಆಗೇ ಇಲ್ಲ ಅಂದಂಗಾತು."

ಎದ್ದು ಒಳಗೆ ಹೋದ. ಅಂದಿನಿಂದ ಮನೆಯವರ ಜೊತೆ ಕುಂತು ಉಣ್ಣುವುದನ್ನು ಬಿಟ್ಟ. ತಾಟು ಕೋಣೆಗೆ ಹೋಗುತ್ತಿತ್ತು, ಅರ್ಧ ಉಂಡ ತಾಟು ವಾಪಸ್ಸು ಬರುತ್ತಿತ್ತು.

ಇನ್ನೊಂದು ದಾರಿ ಇತ್ತು. ಮೇಲ್ಮನವಿ ಹಾಕಿದರೆ ಮಿಲಿಟರಿ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರುಗಳು ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ, ಆದರೆ ತಾಯಿಯೇ ಬಂದು ಮೊದಲು ಹೇಳಿದ್ದು ತಪ್ಪೆಂದು ಹೇಳಬೇಕು ಎಂದರು ವಿಶ್ವರಾಧ್ಯ. ಗೊಲ್ಲಾಳಮ್ಮ ಖಡಾಖಂಡಿತ ಆಗುವುದಿಲ್ಲ ಎಂದಳು. ಸುರಪುರದ ಹುಡುಗ ಚೇತನಕುಮಾರ ಬಸವೇಶ್ವರಿಯನ್ನು ಮೆಚ್ಚಿದ್ದ. ದೇವರು ಮೈದುಂಬುವ ಮನೆತನವೆಂದು ಅವನ ತಾಯಿ ಹೊಸ್ತಿಲಿಗೆ ನಮಸ್ಕಾರ ಮಾಡಿ ಒಳಗೆ ಬಂದಿದ್ದಳು. ಮೂರ್ಛೆಯ ಮನೆತನ ಎಂದು ಗೊತ್ತಾದರೆ ಅದೇ ಹೊಸ್ತಿಲನ್ನು ಅವಳು ತುಳಿಯುತ್ತಾಳೆಯೇ?

ಬಸವೇಶ್ವರಿಯನ್ನು ಬೈದು ಫಲವಿಲ್ಲ. ಅವಳಿಗೂ ವಯಸ್ಸು ಮೀರುತ್ತಿತ್ತು. ಇಬ್ಬರೂ ಜೋಳ ಹಸನು ಮಾಡುತ್ತ ಕುಂತಿದ್ದಾಗ ಅತ್ತಿಗೆಯ ಮುಂದೆ ಅಂದೇಬಿಟ್ಟಳು.

"ವೈನೀ, ನನ್ನ ಮದಿವಿ ಆಗೂತನಕ ತಡೀರಿ. ಆಮ್ಯಾಲ ಏನ್ ಬೇಕಾದ್ದು ಹೇಳ್ಕೋರಿ."

"ಮೇಲ್ಮನವಿಗೆ ವಾಯಿದೆ ಅದವ್ವಾ. ನಿನ್ನ ಮದಿವಿಗೆ ಅವ್ರು ಕಾಯೂದಿಲ್ಲ."

"ಅಣ್ಣಗ ಏನ್ ಕಡಿಮಿ ಆಗ್ಯಾದ? ಊರ ಮಂದಿ ಕಾಲಿಗೆ ಬೀಳ್ತಾರ."

"ಕಾಲಿಗೆ ಬೀಳ್ತಾರ, ಖರೇ. ನಿಮ್ಮಣ್ಣ ರಾತ್ರೆಲ್ಲಾ ಕುಂತು ಬಾಗಿಲು ಕಾಯ್ತಾರ. ಅದನ್ನ ಯಾರ್ ನೋಡ್ಯಾರ? ನಾ ಒಬ್ಬಾಕಿ."

"ಹಂಗಾದ್ರ ನಾ ಇಲ್ಲೇ ಮುದುಕಿ ಆಗ್ಲೇನು?"

ಆ ಹುಡುಗಿಯ ಕಣ್ಣಲ್ಲಿ ನೀರಿತ್ತು, ಆ ನೀರೂ ಸುಳ್ಳಲ್ಲ. ಆದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಗುಳಿಗೆ ಕಾಣೆಯಾದಾಗ ಸೌಭಾಗ್ಯ ಸುಮ್ಮನಿರಲಿಲ್ಲ. ನಾಲ್ಕು ಸೀರೆ ಚೀಲಕ್ಕೆ ತುಂಬಿ ಅಂಗಳದಲ್ಲಿ ನಿಂತಳು.

"ದೇವರ ಹೆಂಡತಿ ಆಗಿ ಬಾಳೇವು ಮಾಡೂದು ನನಗಾಗೂದಿಲ್ಲ ಅತ್ತೀ. ಮನುಷ್ಯಾರ ಹೆಂಡತಿ ಬೇಕಂದ್ರ ಫೋನ್ ಮಾಡ್ರಿ, ಬರ್ತೀನಿ."

ಮುದನಾಳಕ್ಕೆ ಹೋಗಿಯೇ ಬಿಟ್ಟಳು. ಬಸವಲಿಂಗ ಬೇಡ ಎನ್ನಲಿಲ್ಲ. ಬಾಗಿಲ ತನಕ ಬಂದು ಅವಳು ಓಣಿ ತಿರುಗುವುದನ್ನು ನೋಡಿ ಒಳಗೆ ಹೋದ.

ಈಗ ಮಗನ ಚಾಕರಿ ಗೊಲ್ಲಾಳಮ್ಮನ ಪಾಲಿಗೆ ಬಂತು. ಹೊತ್ತಿಗೆ ಸರಿಯಾಗಿ ಊಟ, ಸ್ನಾನಕ್ಕೆ ನೀರು, ನೆಲಕ್ಕೆ ಬಿದ್ದರೆ ಒರೆಸುವುದು, ನಡುಗಿದರೆ ಹೊದಿಸುವುದು. ಇದೆಲ್ಲ ಸೊಸೆ ಮಾಡುತ್ತಿದ್ದಳು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಮಾವಾಸ್ಯೆಯ ಒಂದು ಮಧ್ಯಾಹ್ನ ಮಾತ್ರ ಮಗನ ಹತ್ತಿರ ಕೂರುತ್ತಿದ್ದವಳು. ಉಳಿದ ದಿನಗಳನ್ನು ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಲಿಂಗಣ್ಣ ಅಂಗಡಿಯಲ್ಲಿದ್ದ. ಬಸವೇಶ್ವರಿ ಹೊಲಿಗೆ ಕ್ಲಾಸಿಗೆ ಹೋಗಿದ್ದಳು. ಗೊಲ್ಲಾಳಮ್ಮ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದಳು, ಬಸವಲಿಂಗ ಅಪರೂಪಕ್ಕೆ ಹೊರಗೆ ಬಂದು ಅವಳ ಎದುರಿಗೆ ಕುಂತು ತಾನೂ ಎರಡು ಕಾಯಿ ಒಡೆದ. ಆ ಹೊತ್ತಿಗೆ ಊರಾಚೆಯ ಖಣಿಯಲ್ಲಿ ಬಂಡೆ ಸಿಡಿಸಿದರು. ಮೇಲ್ಛಾವಣಿಯ ತಗಡು ಗದಗುಟ್ಟಿತು.

"ನೀಚೇ! ನೀಚೇ!" ಎಂದು, ಅಂದರೆ ಕೆಳಗೆ ಕೆಳಗೆ ಎಂದು ಹಿಂದಿಯಲ್ಲಿ ಕೂಗಿ, ಬಸವಲಿಂಗ ತಾಯಿಯ ಮೇಲೆ ಬಿದ್ದ. ಶೇಂಗಾ ಎಲ್ಲ ಚೆಲ್ಲಾಡಿತು. ಅವಳನ್ನು ನೆಲಕ್ಕೆ ಒತ್ತಿ ತನ್ನ ಮೈಯಿಂದ ಪೂರ್ತಿ ಮುಚ್ಚಿದ. ಅವಳಿಗೆ ಉಸಿರು ಕಟ್ಟಿತು.

"ಏ ಬಸ್ಸೂ, ನಾನೋ! ನಿಮ್ಮವ್ವ!"

ಅವನು ಅವಳ ಮುಖ ನೋಡಿದ. ಗುರುತು ಸಿಗಲಿಲ್ಲ. ಯಾರದೋ ಹೆಸರು ಹಿಡಿದು ಕೂಗಿದ, ಸಿಂಗ್ ಎಂದೋ ಏನೋ. ಏಳಬೇಡ, ಏಳಬೇಡ ಎಂದು ಹಿಂದಿಯಲ್ಲಿ ಬೇಡಿಕೊಂಡ. ಅವನ ಎದೆ ಬಡಿಯುವುದು ಅವಳ ಎದೆಗೆ ತಾಗುತ್ತಿತ್ತು. ಅವಳ ಸೀರೆ ಒದ್ದೆಯಾಯಿತು. ಮೊದಲು ನೀರಿನ ತಂಬಿಗೆ ಉರುಳಿತು ಅಂದುಕೊಂಡಳು. ನೀರಲ್ಲ, ಮಗ ಅಂಜಿಕೆಗೆ ಉಚ್ಚೆ ಹೊಯ್ದುಕೊಂಡಿದ್ದ.

ಎಷ್ಟೋ ಹೊತ್ತಿಗೆ ಬಿಟ್ಟ. ಮೂಲೆಗೆ ಹೋಗಿ ಮೊಣಕಾಲ ನಡುವೆ ತಲೆ ಇಟ್ಟು ಕುಂತ. ಇವತ್ತು ಮೂರ್ಛೆ ಬಂದಿರಲಿಲ್ಲ, ನೊರೆ ಇರಲಿಲ್ಲ, ಹಳದಿ ಬಳಿಯಲು ಏನೂ ಇರಲಿಲ್ಲ. ಅಂಜಿದ ಒಬ್ಬ ಗಂಡಸು ಇದ್ದ. ಗೊಲ್ಲಾಳಮ್ಮ ಅವನ ಪ್ಯಾಂಟು ಬಿಚ್ಚಿಸಿ ಲುಂಗಿ ಉಡಿಸಿದಳು. ಸಣ್ಣವನಿದ್ದಾಗ ಮಾಡಿದ ಹಾಗೆಯೇ ಬಚ್ಚಲಲ್ಲಿ ತಾನೇ ಒಗೆದಳು. ಒಗೆಯುತ್ತ ಅಳು ಬಂತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಕೈ ಒರೆಸಿಕೊಂಡು ಬಂದು, ಮುದನಾಳಕ್ಕೆ ಫೋನು ಹಚ್ಚಿ ಕೊಡೆಂದು ಚಾಂದಬೀಗೆ ಹೇಳಿದಳು.

"ಸೌಭಾಗ್ಯಾ, ನಾನವ್ವಾ. ನಿನ್ನ ಗಂಡಗ ಜಡ್ಡಾಗ್ಯಾದ. ಬಾ."

"ಏನಂದ್ರಿ ಅತ್ತೀ?"

"ಜಡ್ಡು, ಜಡ್ಡು! ಎಷ್ಟು ಸರ್ತಿ ಹೇಳಿಸ್ತಿ? ಸುಬೇದಾರ ಸಾಬರಿಗೂ ಹೇಳು, ಎಲ್ಲಿ ಬರಬೇಕೋ ಬರ್ತೀನಿ."

ಯಾದಗಿರಿಯಲ್ಲಿ ರೈಲು ಹತ್ತಿ ಹೋದರು. ತಾಯಿ, ಮಗ, ಸೊಸೆ. ಬುತ್ತಿಗೆ ಕಟಕರೊಟ್ಟಿ, ಶೇಂಗಾ ಹಿಂಡಿ. ಬಸವೇಶ್ವರಿ ಬುತ್ತಿ ಕಟ್ಟಿಕೊಟ್ಟಳು, ಹೋಗಿ ಬರ್ರಿ ಎನ್ನಲಿಲ್ಲ. ಮಿಲಿಟರಿ ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಮೂವರು ಡಾಕ್ಟರರ ಬೋರ್ಡು ಕುಂತಿತ್ತು. ನಡುವಿನಾಕೆ ಹೆಂಗಸು, ನರೆತ ಕೂದಲು. ಮಾತು ತಿರುಗಿಸಲು ಬೆಳಗಾವಿ ಕಡೆಯ ಒಬ್ಬ ಸಿಪಾಯಿಯನ್ನು ನಿಲ್ಲಿಸಿದ್ದರು. ಬಸವಲಿಂಗ ತಾಯಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕುಂತಿದ್ದ. ಅಲ್ಲಿ ಮಾತ್ರ ಅವನ ಬೆನ್ನು ನೆಟ್ಟಗಾಗಿತ್ತು.

"ಅಮ್ಮಾ, ನಿಮ್ಮ ಹೇಳಿಕೆ ಕೊಡಬೇಕಂತ" ಎಂದ ಸಿಪಾಯಿ.

ಆ ಶಬ್ದ ಕೇಳಿ ಗೊಲ್ಲಾಳಮ್ಮ ಒಮ್ಮೆ ಕಣ್ಣು ಮುಚ್ಚಿ ತೆರೆದಳು. "ಕೊಡ್ತೀನಿ. ಈ ಸರ್ತಿ ನನ್ನದ ಕೊಡ್ತೀನಿ, ದೇವರದಲ್ಲ."

"ಹಿಂದ ಸಣ್ಣಂವ ಇದ್ದಾಗಿಂದ ಅಂತ ಹೇಳಿದ್ರಂತಲ್ರಿ?"

"ಸುಳ್ಳು ಹೇಳಿದ್ದೆ. ಇಂವ ಹುಟ್ಟಿ ಫೌಜಿಗೆ ಹೋಗೂತನಕ ಒಂದ್ ದಿನ ಬಿದ್ದಾಂವಲ್ಲ. ಬಾವ್ಯಾಗ ಈಸಿದಾಂವ. ಗುಂಡಗಲ್ಲು ಎತ್ತಿದಾಂವ. ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ."

ಡಾಕ್ಟರಮ್ಮ ಏನೋ ಕೇಳಿದಳು. ಸಿಪಾಯಿ ತಿರುಗಿಸುವುದರೊಳಗೇ ಗೊಲ್ಲಾಳಮ್ಮನಿಗೆ ತಿಳಿಯಿತು. ಚಾಂದಬೀಯ ಓಣಿಯಲ್ಲಿ ಬಾಳಿದವಳಿಗೆ ಅಷ್ಟು ಹಿಂದಿ ತಿಳಿಯದೇ? ಯಾಕೆ ಸುಳ್ಳು ಹೇಳಿದಿ ಎಂದು ಕೇಳುತ್ತಿದ್ದಳು.

"ಜಡ್ಡು ಅಂದ್ರ ಮಂದಿ ದೂರ ಸರೀತಾರ್ರಿ. ದೇವರು ಅಂದ್ರ ಕಾಲಿಗೆ ಬೀಳ್ತಾರ. ಹೆತ್ತಾಕಿ ಯಾವ್ದು ಹೇಳಬೇಕಿತ್ರಿ ನಾನು?"

ಸಿಪಾಯಿ ಅದನ್ನು ಹಿಂದಿಯಲ್ಲಿ ಹೇಳಿದ. ಡಾಕ್ಟರಮ್ಮ ಮತ್ತೊಂದು ಮಾತು ಕೇಳಿದಳು.

"ಈಗ ಯಾಕ ಖರೇ ಹೇಳಾಕತ್ತೀರಿ, ಅಂತ ಕೇಳ್ತಾರ."

"ದೇವರು ಅಂಜೂದಿಲ್ಲ. ನನ್ನ ಮಗ ಅಂಜತಾನ." ಗೊಲ್ಲಾಳಮ್ಮ ಮಗನ ಕಡೆ ಕೈ ಮಾಡಿದಳು. "ಛಲೋ ಮಗನ್ನ ಕೊಟ್ಟಿದ್ದೆ ನಿಮಗ. ಇಂಥಾಂವನ್ನ ಹೊಳ್ಳಿ ಕಳಿಸಿದ್ರಿ. ಹಂಗಂತ ಬರ್ಕೋರಿ. ಹೆಬ್ಬೆಟ್ಟು ಒತ್ತೀನಿ."

ಬಸವಲಿಂಗನ ಬೆನ್ನು ಬಾಗಿತು. ಮುಖ ಮುಚ್ಚಿಕೊಂಡು ಅತ್ತ. ಊರಿಗೆ ಬಂದಾಗಿನಿಂದ ಅವನು ಅತ್ತದ್ದನ್ನು ಸೌಭಾಗ್ಯ ನೋಡಿರಲಿಲ್ಲ. ಹಿಂದಿನ ಕುರ್ಚಿಯಿಂದ ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟಳು. ನರೆಗೂದಲ ಡಾಕ್ಟರಮ್ಮ, ಮಗ ಬಿದ್ದಾಗ ಹೇಗೆ ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು ಎಂದೆಲ್ಲ ಗೊಲ್ಲಾಳಮ್ಮನಿಗೆ ಕೈಮಾಡಿ ತೋರಿಸಿ ಕಳಿಸಿದಳು.

ವಾಪಸ್ಸು ಬರುವ ರೈಲಿನಲ್ಲಿ ಅವನು ತಾಯಿಯ ಪಕ್ಕ ಕುಂತು ರೊಟ್ಟಿ ಉಂಡ.

"ಯವ್ವಾ, ಇನ್ನ ಮಂದಿ ದೂರ ಸರೀತಾರ" ಎಂದ.

"ಸರೀಲಿ. ಉಣ್ಣು."

ಮಳೆಗಾಲ ಮುಗಿಯುವ ಹೊತ್ತಿಗೆ ಮೇಲ್ಮನವಿ ಗೆದ್ದಿತು. ತಲೆಯ ಜಡ್ಡು, ಮನಸ್ಸಿನ ಜಡ್ಡು ಎರಡೂ ಸೇವೆಯ ಕಾರಣದಿಂದಲೇ ಬಂದವು ಎಂದು ಒಪ್ಪಿಕೊಂಡರು. ವಿಶ್ವರಾಧ್ಯರ ಸಂತೋಷ ಹೇಳತೀರದು. ಶಹಾಪುರದಿಂದ ಪೇಡೆಯ ಡಬ್ಬಿ ತಂದು ಓಣಿಯಲ್ಲಿ ಸಿಕ್ಕಸಿಕ್ಕವರಿಗೆ ಹಂಚಿದರು. "ನಮ್ಮ ಹುಡುಗಗ ಜಡ್ಡಾಗಿದ್ದು ದೇಶದ ಸಲುವಾಗಿ! ಸರಕಾರ ಒಪ್ಪಿಕೊಂಡದ!" ಒಳ್ಳೆಯ ಮನುಷ್ಯ, ಪಾಪ. ಫೌಜಿನವರಿಗೆ ಅದು ಹೆಮ್ಮೆಯ ಮಾತು. ಓಣಿ ಎಂದರೇನೆಂದು ಅವರಿಗೆ ಗೊತ್ತಿಲ್ಲ.

ಭಾಗಣ್ಣ ಪೇಡೆ ಬಾಯಿಗಿಟ್ಟುಕೊಂಡವನು ಅಗಿಯುವುದನ್ನು ನಿಲ್ಲಿಸಿದ. "ಜಡ್ಡೇನ್ರಿ ಅದು? ದೇವರಲ್ಲೇನು?"

"ಎಲ್ಲೀ ದೇವರು ಮಾರಾಯಾ? ಫಿಟ್ಸು."

ಭಾಗಣ್ಣ ಗೊಲ್ಲಾಳಮ್ಮನ ಕಡೆ ನೋಡಿದ. ಅವಳು ತಲೆ ತಗ್ಗಿಸಲಿಲ್ಲ. "ಹೌದು ಭಾಗಣ್ಣಾ, ಜಡ್ಡು" ಎಂದಳು. ಅವನು ಕೈಯಲ್ಲುಳಿದ ಪೇಡೆಯನ್ನು ಏನು ಮಾಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡು ಹೋದ.

ಸುರಪುರದಿಂದ ಸುದ್ದಿ ಬರಲು ತಡವಾಗಲಿಲ್ಲ. ಹುಡುಗನಿಗೆ ಈ ವರ್ಷ ಯೋಗ ಕೂಡಿ ಬಂದಿಲ್ಲವಂತೆ. ಚೇತನಕುಮಾರ ಫೋನು ಎತ್ತುವುದನ್ನೂ ಬಿಟ್ಟ. ಬಸವೇಶ್ವರಿ ಅಳಲಿಲ್ಲ. ಅವ್ವನ ಮುಂದೆ ಬಂದು ನಿಂತಳು.

"ಅಣ್ಣಗ ನ್ಯಾಯ ಸಿಕ್ತು, ಬಾಳ ಛಲೋ ಆತು. ನನ್ನ ಪಾಲಿಂದು ಯಾವ ಬೋರ್ಡಿಗೆ ಹೋಗಿ ಕೇಳ್ಲಿ?"

ಬಸವಲಿಂಗ ತಂಗಿಯ ಹತ್ತಿರ ಹೋಗಿ "ತಪ್ಪಾತವ್ವಾ" ಎಂದ. "ನೀ ಏನ್ ಮಾಡೀಯಣ್ಣಾ" ಎಂದಳು ಅವಳು, ಆದರೆ ಅವನ ಮುಖ ನೋಡಿ ಹೇಳಲಿಲ್ಲ. ಅಂದಿನಿಂದ ಅವಳೂ ಬೇರೆ ಹೊತ್ತಿಗೆ ಉಣ್ಣತೊಡಗಿದಳು. ಲಿಂಗಣ್ಣನ ಊಟವನ್ನು ಅಂಗಡಿಗೇ ಕಳಿಸಬೇಕಾಗುತ್ತಿತ್ತು. ಆ ಮನೆಯಲ್ಲಿ ಐದು ತಾಟುಗಳು ಐದು ಹೊತ್ತಿಗೆ ತೊಳೆಸಿಕೊಳ್ಳುತ್ತಿದ್ದವು. ಅಮಾವಾಸ್ಯೆ ಬಂತು, ಹೋಯಿತು. ಅಂಗಳಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ.

ಒಂದು ದಿನ ಹಿಟ್ಟಿನ ಗಿರಣಿಗೆ ತಾಯಿ ಮಗ ಇಬ್ಬರೇ ಹೋದರು. ಬಿಸಿಲು ಚುರುಗುಡುತ್ತಿತ್ತು. ಬೀಸಿಸಿಕೊಂಡು ಹೊರಗೆ ಬರುವಾಗ ಬಸವಲಿಂಗ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟ. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಬಿದ್ದ.

ಗಿರಣಿ ಮುಂದೆ ಸರದಿಗೆ ನಿಂತವರೆಲ್ಲ ಹಿಂದೆ ಹಿಂದೆ ಸರಿದರು. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು. ಭಾಗಣ್ಣ ಅಲ್ಲೇ ಇದ್ದ. ಕಾಲಿನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಓಡಿ ಬಂದ.

"ಯಕ್ಕಾ, ಇದನ್ನ ಮೂಸಿಸು. ಲಗೂನ ನಿಲ್ತದ."

ಅವನಲ್ಲಿ ಕೆಟ್ಟತನ ಇರಲಿಲ್ಲ. ಜಡ್ಡಿನವರಿಗೆ ಹಾಗೆಯೇ ಮಾಡುತ್ತಾರೆ, ಅವನ ಅಪ್ಪನೂ ಹಾಗೆಯೇ ಮಾಡಿದ್ದಾನು. ಇದೇ ಮನುಷ್ಯನ ಪಾದಕ್ಕೆ ಹಣೆ ಹಚ್ಚಿದವನು ತಾನು ಎಂಬುದು ಅವನಿಗೆ ನೆನಪಾಯಿತೋ ಇಲ್ಲವೋ. ಗೊಲ್ಲಾಳಮ್ಮ ಆ ಚಪ್ಪಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಅವನ ಕಾಲ ಬಳಿ ಇಟ್ಟಳು.

"ಬ್ಯಾಡ ಭಾಗಣ್ಣಾ. ಹಾಕ್ಕೋ. ಕಾಲು ಸುಡ್ತಾವ."

ಡಬ್ಬಿ ಕೆಳಗಿಟ್ಟು ಮಗನನ್ನು ಮಗ್ಗುಲಿಗೆ ಹೊರಳಿಸಿದಳು. ಸೆರಗು ಮಡಚಿ ತಲೆಯ ಕೆಳಗೆ ಕೊಟ್ಟು ಬಿಸಿಲಿಗೆ ಅಡ್ಡ ಕುಂತಳು. ಹತ್ತಿರ ಯಾರೂ ಬರಲಿಲ್ಲ. ಸೆಟೆತ ನಿಂತಿತು. ತೊದಲಿದ. ಆ ತೊದಲನ್ನು ಯಾರೂ ಕಿವಿಗೊಟ್ಟು ಕೇಳಲಿಲ್ಲ, ಅವಳೊಬ್ಬಳೇ ಕೇಳಿದಳು. ಬರೀ ನೀರು, ನೀರು ಎನ್ನುತ್ತಿದ್ದ.

ಎಚ್ಚರಾದ ಮೇಲೆ ಅವನು ಮೊದಲು ಸುತ್ತ ನೋಡಿದ.

"ಎಲ್ಲಾರೂ ನೋಡಿದ್ರೇನು ಯವ್ವಾ?"

"ನೋಡಿದ್ರಪ್ಪಾ."

"ಏನಂದ್ರು?"

"ಏನಂತಾರ? ಜಡ್ಡಿನ ಮನುಷ್ಯಾ ಅಂದ್ರು."

"ಖರೇನ ಅಂದ್ರಲ್ಲ" ಎಂದ.

ಅವಳು ಕೈಕೊಟ್ಟು ಎಬ್ಬಿಸಿದಳು. ಹಿಟ್ಟಿನ ಡಬ್ಬಿ ತಲೆ ಮೇಲೆ ಇಟ್ಟುಕೊಂಡು, ಅವನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಮಂದಿ ದಾರಿ ಬಿಟ್ಟರು, ಬೇಕಾದದ್ದಕ್ಕಿಂತ ಅಗಲವಾಗಿಯೇ ಬಿಟ್ಟರು. ಮನೆಯ ತನಕ ಯಾರೂ ಜೊತೆಗೆ ಬರಲಿಲ್ಲ.